ಕೊನೆಕೊಯ್ಲಿಗೆ ಮೊದಲೇ ಮಾತಾಡೋಣ: ಅಂಗಳದ ಅಡಿಕೆ, ಒಂಟಿಮನೆ, ಊರಿನ ಕಾವಲು

ಹೊಳೆದಂಡೆ (ತೀರ್ಥಹಳ್ಳಿ ತಾಲ್ಲೂಕು)

ನಮ್ಮದು ಎರಡು ಕೇರಿ, 22 ಮನೆ. ನಾಲ್ಕು ಮನೆ ಗುಡ್ಡದಾಚೆ ಒಂಟಿಯಾಗಿವೆ. ಊರಿಂದ ಟಾರು ರಸ್ತೆಗೆ ಸೇರಲು ವಾಹನ ಹೋಗುವ ದಾರಿ ಎರಡೇ. ದೀಪಾವಳಿ ಕಳೆದ ಮೇಲೆ ಮೂರು ತಿಂಗಳು ಎಲ್ಲರ ಅಂಗಳದಲ್ಲೂ ಅಡಿಕೆ ಹರವಿರುತ್ತದೆ. ಕಳ್ಳತನ ತಡೆಯಲು ಮನೆಗೆ ಐದು ಸಾವಿರದಂತೆ ಎತ್ತಿ ಕ್ಯಾಮೆರಾ ಹಾಕಿಸೋಣ ಎಂಬ ಮಾತು ನಡೆದಿದೆ. ಒಟ್ಟು ಒಂದು ಲಕ್ಷ ಹತ್ತು ಸಾವಿರ. ಅಷ್ಟು ದುಡ್ಡನ್ನು ಎಲ್ಲಿ ಹಾಕಿದರೆ ನಿಜಕ್ಕೂ ಪ್ರಯೋಜನ? ರಾತ್ರಿ ಗಸ್ತು ಹೇಗೆ ಹಂಚಿಕೊಳ್ಳಬೇಕು? ಗಸ್ತಿನವರ ಕೈಗೆ ಯಾರಾದರೂ ಸಿಕ್ಕಿಬಿದ್ದರೆ ಏನು ಮಾಡಬಹುದು, ಏನು ಮಾಡಬಾರದು? ಅನುಭವ ಇರುವವರು ದಯವಿಟ್ಟು ವಿವರವಾಗಿ ಬರೆಯಿರಿ, ಇದನ್ನೇ ಊರಿನ ಸಭೆಯಲ್ಲಿ ಓದಬೇಕೆಂದಿದ್ದೇವೆ.

ಹಾಳೆಟೋಪಿ (ಸಾಗರ)

ಕ್ಯಾಮೆರಾ ಆಮೇಲೆ. ಮೊದಲು ನಿಮ್ಮ ಅಡಿಕೆ ಎಷ್ಟಿದೆ ಎಂಬುದು ನಿಮಗೇ ಗೊತ್ತಿರಬೇಕು. ಬೇಯಿಸಿದ ಅಡಿಕೆ ಒಣಗುತ್ತ ದಿನದಿನಕ್ಕೆ ತೂಕ ಇಳಿಯುತ್ತದಲ್ಲ, ಅಂಗಳದ ಕಳ್ಳತನಕ್ಕೆ ಅದೇ ಮರೆ. ರಾತ್ರಿಗೆ ಒಂದು ಬುಟ್ಟಿಯಂತೆ ವಾರಗಟ್ಟಲೆ ಹೋದರೂ ಮನೆಯವರು "ಈ ಸಲ ಇಳುವರಿ ಕಮ್ಮಿ" ಅಂದುಕೊಳ್ಳುತ್ತಾರೆ.

ಇದಕ್ಕೆ ತೂಕ ನೋಡಿ ಉಪಯೋಗವಿಲ್ಲ, ಹೆಡಿಗೆ (ದೊಡ್ಡ ಬುಟ್ಟಿ) ಲೆಕ್ಕವೇ ಸರಿ. ಸಂಜೆ ರಾಶಿ ಮಾಡುವಾಗ ಒಂದೇ ಹೆಡಿಗೆಯಲ್ಲಿ ಎಷ್ಟು ಆಯಿತು ಎಂದು ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಬೆಳಿಗ್ಗೆ ಹರವುವಾಗ ಅದೇ ಹೆಡಿಗೆಯಲ್ಲಿ ಮತ್ತೆ ಎಣಿಸಿ. ಹಗಲಲ್ಲಿ ಕುಗ್ಗಿದ ಹಾಗೆ ಒಂದು ರಾತ್ರಿಯಲ್ಲಿ ಕುಗ್ಗುವುದಿಲ್ಲ, ಅರ್ಧ ಹೆಡಿಗೆ ವ್ಯತ್ಯಾಸ ಬಂದರೂ ತಿಳಿಯುತ್ತದೆ. ಟಾರ್ಪಾಲು ಮುಚ್ಚಿದ ಮೇಲೆ ಅಂಚಿನ ಸುತ್ತ ಒಂದು ಗೆರೆ ಬೂದಿ ಹಾಕಿ, ಮೂಲೆಯಲ್ಲಿ ನಿಂತು ಒಂದು ಫೋಟೋ ತೆಗೆಯಿರಿ. ಪ್ರತಿದಿನ ಅದೇ ಜಾಗದಿಂದಲೇ ತೆಗೆಯಬೇಕು. ಬೂದಿ ಕೆದರಿದ್ದರೆ ಬೆಳಿಗ್ಗೆ ಎದ್ದ ತಕ್ಷಣ ಗೊತ್ತಾಗುತ್ತದೆ, ನಾಯಿಯೋ ಮನುಷ್ಯನೋ ಹೆಜ್ಜೆ ನೋಡಿ ಹೇಳಬಹುದು.

ಎರಡನೆಯದು, 22 ಅಂಗಳವನ್ನು ಯಾರಿಂದಲೂ ಕಾಯಲಾಗುವುದಿಲ್ಲ. ಐದು ಅಂಗಳಕ್ಕೆ ಇಳಿಸಿ. ಒಂಟಿಮನೆಯವರ ಅಡಿಕೆ ಕೊಯ್ಲಿನ ಕಾಲದಲ್ಲಿ ಕೇರಿಯ ಅಂಗಳಕ್ಕೆ ಬರಲಿ. ಮಾಲು ಬೆರೆಯುತ್ತದೆ ಎಂದೇ ಜನ ಒಪ್ಪುವುದಿಲ್ಲ. ನಡುವೆ ಅಡಿಕೆ ದಬ್ಬೆ (ಸೀಳಿದ ಮರದ ಪಟ್ಟಿ) ಇಟ್ಟು ಪಾಲು ಮಾಡಿ, ಮನೆಗೊಂದು ಬಣ್ಣದ ಗೋಣಿಹುರಿ ಗೊತ್ತು ಮಾಡಿದರೆ ಬೆರೆಯುವುದಿಲ್ಲ. ರಾಶಿ, ಬೆಟ್ಟೆ, ಸರಕು ಎಂಬ ಅಡಿಕೆಯ ಬಗೆಗಳನ್ನು ಬೇರೆ ಬೇರೆ ಮಾಡುವ ಮನೆಗಳನ್ನು ಮಾತ್ರ ಒಂದೇ ಅಂಗಳಕ್ಕೆ ತರಬೇಡಿ, ಅಲ್ಲಿ ಜಗಳ ಖಂಡಿತ.

ಮರದ ಮೇಲಿನ ಕೊನೆಯನ್ನೂ, ಅಂದರೆ ಅಡಿಕೆ ಗೊನೆಯನ್ನೂ, ಮರೆಯಬೇಡಿ. ಕಾರ್ಬನ್ ಫೈಬರ್ ದೋಟಿ (ಉದ್ದದ ಕೊಯ್ಲುಗೋಲು) ಬಂದ ಮೇಲೆ ಮರ ಹತ್ತದೆ ನೆಲದಲ್ಲೇ ನಿಂತು ಸದ್ದಿಲ್ಲದೆ ಕೊನೆ ಇಳಿಸಬಹುದು. ದೋಟಿಯನ್ನು ತೋಟದ ಮನೆಯ ಹೊರಗೋಡೆಗೆ ಒರಗಿಸಿಟ್ಟರೆ ಕಳ್ಳನಿಗೆ ನಾವೇ ಸಾಮಾನು ಒದಗಿಸಿದ ಹಾಗೆ. ಏಣಿ, ಹಾರೆ, ಪಿಕಾಸಿಗೂ ಇದೇ ಮಾತು. ಹಂಚಿನ ಮನೆಗೆ ಮಾಡಿನಿಂದ ಇಳಿಯಲು ಏಣಿ ಬೇಕು, ಬೀಗದ ಕೊಂಡಿ ಮೀಟಲು ಹಾರೆ ಬೇಕು. ಎರಡೂ ಹೆಚ್ಚಿನ ಮನೆಗಳ ಕೊಟ್ಟಿಗೆ ಜಗಲಿಯಲ್ಲೇ ಸಿಗುತ್ತವೆ. ರಸ್ತೆ ಮತ್ತು ಹಳ್ಳದ ಬದಿಯ ಮೊದಲ ಎರಡು ಸಾಲಿನ ಕೊನೆಗಳನ್ನು ಮೊದಲು ಕೊಯ್ಯಿಸಿ.

ಗದ್ದೆಬಯಲು (ಹೊಸನಗರ)

ಹಾಳೆಟೋಪಿಯವರ ಹೆಡಿಗೆ ಲೆಕ್ಕಕ್ಕೆ ನನ್ನ ಪೂರ್ತಿ ಒಪ್ಪಿಗೆ. ಗಸ್ತಿನ ಬಗ್ಗೆ ಬರೆಯುತ್ತೇನೆ.

ರಾತ್ರಿಗೆ ನಾಲ್ಕು ಜನ ಬೇಕು: ಇಬ್ಬರು 10ರಿಂದ 1ರವರೆಗೆ, ಇಬ್ಬರು 1ರಿಂದ 4ರವರೆಗೆ. ಒಂಟಿಯಾಗಿ ಯಾರನ್ನೂ ಕಳಿಸಬಾರದು. ಕಳ್ಳರ ಭಯ ಒಂದು, ನಮ್ಮ ಕಡೆ ಕಾಡುಕೋಣ, ಹಂದಿ, ಹಾವಿನ ಭಯ ಇನ್ನೊಂದು. 22 ಮನೆಯಿಂದ ಮನೆಗೊಬ್ಬರಂತೆ ಬಂದರೆ ಐದಾರು ದಿನಕ್ಕೊಮ್ಮೆ ಸರದಿ ಬರುತ್ತದೆ, ಇದು ನಡೆಯುವ ಲೆಕ್ಕ. ಮೂರು ದಿನಕ್ಕೊಮ್ಮೆ ಬರುವ ಹಾಗಿದ್ದರೆ ಶುರು ಮಾಡಲೇಬೇಡಿ. ಹಗಲು ಸುಲಿತ, ಬೇಯಿಸುವ ಕೆಲಸ ಮಾಡಿದವರು ಎರಡನೇ ವಾರಕ್ಕೆ ಕುಸಿಯುತ್ತಾರೆ.

ಗಸ್ತು ಮುರಿಯುವುದು ಯಾವಾಗಲೂ ಎರಡನೇ ಪಾಳಿಯಲ್ಲಿ. ಎಲ್ಲರಿಗೂ ಮೊದಲ ಪಾಳಿಯೇ ಬೇಕು, 1ರ ನಂತರದ್ದು ನಿಧಾನವಾಗಿ ಖಾಲಿಯಾಗುತ್ತದೆ. ಕಳ್ಳರಿಗೆ ಬೇಕಾದ ಹೊತ್ತೂ ಅದೇ. ಆದ್ದರಿಂದ ಮೊದಲ ಪಾಳಿಯವರು ಎರಡನೇ ಪಾಳಿಯವರ ಮನೆ ಬಾಗಿಲು ತಟ್ಟಿ, ಎಬ್ಬಿಸಿ, ಟಾರ್ಚನ್ನು ಅವರ ಕೈಗೆ ಕೊಟ್ಟ ಮೇಲೆಯೇ ಮಲಗಬೇಕು. ಟಾರ್ಚ್ ಊರಿಗೆ ಎರಡೇ ಇರಲಿ, ಕೈಯಿಂದ ಕೈಗೆ ಹೋಗಲಿ. ಈ ಒಂದು ನಿಯಮ ಇಟ್ಟುಕೊಂಡರೆ ಹಾಜರಿ ಪುಸ್ತಕದ ಅಗತ್ಯವಿಲ್ಲ. ಇಡೀ ಸೀಸನ್ ಒಂದೇ ಜೋಡಿ ಎರಡನೇ ಪಾಳಿ ಮಾಡುವುದು ಬೇಡ, ಸರದಿ ಬಂದಾಗಲೆಲ್ಲ ಪಾಳಿ ಅದಲುಬದಲಾಗಲಿ.

ಒಂದೇ ದಾರಿ, ಒಂದೇ ಹೊತ್ತು ಬೇಡ. ಒಂದು ದಿನ ಕೆಳಕೇರಿಯಿಂದ, ಒಂದು ದಿನ ಮೇಲುಕೇರಿಯಿಂದ ಹೊರಡಿ. ಅರ್ಧ ಗಂಟೆ ನಡೆದು ಕಾಲು ಗಂಟೆ ದೀಪವಾರಿಸಿ ಕವಲುದಾರಿಯಲ್ಲಿ ಕೂತುಕೊಳ್ಳಿ. ನಡೆಯುವುದಕ್ಕಿಂತ ಕೂತು ಕಿವಿಗೊಟ್ಟು ಕೇಳುವುದರಲ್ಲೇ ಹೆಚ್ಚು ತಿಳಿಯುತ್ತದೆ. ಎಂಜಿನ್ ಸದ್ದು ಎಲ್ಲಿ ನಿಂತಿತು, ಮತ್ತೆ ಎಲ್ಲಿ ಶುರುವಾಯಿತು ಎಂಬುದನ್ನು ಗಮನಿಸಿ.

ಸಂಕೇತ ಮೊದಲೇ ಗೊತ್ತುಮಾಡಿ. ನಮ್ಮ ಹಿರಿಯರ ಕೂ ಹಾಕುವ ಪದ್ಧತಿಗೆ ನೆಟ್‌ವರ್ಕ್ ಬೇಕಿಲ್ಲ. ಮೂರು ಉದ್ದದ ಕೂ ಅಂದರೆ "ಎಲ್ಲರೂ ದೀಪ ಹಾಕಿ, ಹೊರಗೆ ಬನ್ನಿ" ಎಂದರ್ಥ. ವಯಸ್ಸಾದವರಿಬ್ಬರೇ ಇರುವ ಮನೆಗೆ ಜಾಗಟೆ ಕೊಡಿ.

ವೈರ್ ಕೆಲಸ (ಶಿವಮೊಗ್ಗ)

ಹೊಳೆದಂಡೆಯವರೇ, ಮನೆಮನೆಗೆ ಕ್ಯಾಮೆರಾ ಬೇಡ. ನೀವೇ ಬರೆದಿದ್ದೀರಿ, ಊರಿಂದ ಹೊರಬೀಳುವ ದಾರಿ ಎರಡೇ ಅಂತ. ಕ್ವಿಂಟಾಲುಗಟ್ಟಲೆ ಅಡಿಕೆಯನ್ನು ಹೊತ್ತುಕೊಂಡು ಹೋಗಲಾಗುವುದಿಲ್ಲ, ವಾಹನ ಬೇಕೇ ಬೇಕು. ಆ ಎರಡು ಕವಲಿನಲ್ಲಿ ಮುಖ ಹಿಡಿಯಲು ಒಳ್ಳೆಯ ಎರಡು ಕ್ಯಾಮೆರಾ ಸಾಕು. ಆದರೆ ಅದನ್ನು ಸರಿಯಾಗಿ ಹಾಕಬೇಕು, ಹೆಚ್ಚಿನ ಕಡೆ ಎಡವುವುದು ಅಲ್ಲೇ.

ಮುಖ ಗುರುತಾಗಬೇಕಾದರೆ ಚಿತ್ರದಲ್ಲಿ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಸಿಗಬೇಕು, ಇದು ಈ ಕೆಲಸದ ರೂಢಿಯ ಅಳತೆ. 4 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 2560 ಪಿಕ್ಸೆಲ್ ಅಗಲ. ಭಾಗಿಸಿದರೆ ಹತ್ತು ಮೀಟರ್. ಅಂದರೆ ಚಿತ್ರದೊಳಗೆ ಹತ್ತು ಮೀಟರಿಗಿಂತ ಅಗಲದ ಜಾಗ ಬಂದರೆ ಮುಖ ಬರೀ ಕಲೆಯಾಗುತ್ತದೆ. ಅಂಗಡಿಯವರು ಸಾಮಾನ್ಯವಾಗಿ ಕೊಡುವ 2.8 ಎಂ.ಎಂ. ಲೆನ್ಸ್‌ನಲ್ಲಿ ಈ ಮಿತಿ ನಾಲ್ಕೈದು ಮೀಟರ್ ದೂರಕ್ಕೇ ಮುಗಿಯುತ್ತದೆ, 6 ಎಂ.ಎಂ.ನಲ್ಲಿ ಹತ್ತು ಮೀಟರ್ ದೂರದವರೆಗೆ ಸಿಗುತ್ತದೆ. ಪರದೆಯಲ್ಲಿ ಇಡೀ ಊರು ಕಂಡರೆ ಮನಸ್ಸಿಗೆ ಸಮಾಧಾನ, ಆದರೆ ಕಳ್ಳನ ಗುರುತು ಸಿಗುವುದಿಲ್ಲ. ಹತ್ತು ಅಡಿಗಿಂತ ಮೇಲೆ ಹಾಕಿದರೆ ತಲೆಯ ಟೋಪಿ ಮಾತ್ರ ಕಾಣುತ್ತದೆ.

ನಂಬರ್ ಪ್ಲೇಟಿಗೆ ಬೇರೆಯದೇ ಕ್ಯಾಮೆರಾ ಬೇಕು. ರಾತ್ರಿ ಹೆಡ್‌ಲೈಟ್ ಬೆಳಕಿಗೆ ಸಾಮಾನ್ಯ ಕ್ಯಾಮೆರಾ ಕುರುಡಾಗುತ್ತದೆ. ಶಟರ್ ವೇಗ 1/500 ಸೆಕೆಂಡ್ ಅಥವಾ ಅದಕ್ಕಿಂತ ಚುರುಕು, ಎತ್ತರ ಆರು ಅಡಿಯ ಆಸುಪಾಸು, ರಸ್ತೆಗೆ ಓರೆ 30 ಡಿಗ್ರಿಯೊಳಗೆ. ರಸ್ತೆಯಲ್ಲಿ ವಾಹನ ನಿಧಾನ ಮಾಡಲೇಬೇಕಾದ ತಿರುವು ಅಥವಾ ಮೋರಿ ಇದ್ದರೆ ಅಲ್ಲೇ ಹಾಕಿ. ಹಿಂದಿನ ಪ್ಲೇಟ್ ಹಿಡಿಯುವ ಹಾಗೆ ತಿರುಗಿಸಿದರೆ ಹೆಡ್‌ಲೈಟಿನ ತೊಂದರೆಯೇ ಇಲ್ಲ.

ಜೋಡಿಸುವವರಿಗೆ ಒಂದು ಮಾತು. ಕ್ಯಾಮೆರಾ ಬೇರೆಯವರ ಬಚ್ಚಲ ಕಡೆ, ಹೆಂಗಸರು ಹೊಳೆಗೆ ಇಳಿಯುವ ಹಾದಿಯ ಕಡೆ ತಿರುಗಬಾರದು. ಹಾಕುವ ಮೊದಲು ಆ ಮನೆಯವರನ್ನು ಕರೆದು ಪರದೆ ತೋರಿಸಿ ಒಪ್ಪಿಗೆ ಪಡೆಯಿರಿ.

ಹೊಳೆದಂಡೆ (ತೀರ್ಥಹಳ್ಳಿ ತಾಲ್ಲೂಕು)

ತುಂಬಾ ಉಪಯುಕ್ತ, ಧನ್ಯವಾದ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಒಂದು ದಿನವಾದರೂ ಬೇಕು ಬರಲು. ಗುಡುಗು ಮಿಂಚಿಗೆ ಮೋಡೆಮ್‌ಗಳೇ ವರ್ಷಕ್ಕೊಂದು ಸುಡುತ್ತವೆ. ಕ್ಯಾಮೆರಾ ಉಳಿಯುತ್ತದೆಯೇ?

ವೈರ್ ಕೆಲಸ (ಶಿವಮೊಗ್ಗ)

ಉಳಿಸಬಹುದು. ಎರಡು ಕ್ಯಾಮೆರಾ, ರೆಕಾರ್ಡರ್, ರೂಟರ್ ಎಲ್ಲ ಸೇರಿ ಸುಮಾರು 50 ವ್ಯಾಟ್. 12 ವೋಲ್ಟ್ 150 ಎಎಚ್ ಬ್ಯಾಟರಿಯಲ್ಲಿ 1800 ವ್ಯಾಟ್-ಅವರ್ ಇರುತ್ತದೆ. ಪೂರ್ತಿ ಇಳಿಸಬಾರದು, ಇನ್ವರ್ಟರ್‌ನ ನಷ್ಟವೂ ಇದೆ, ಹಾಗಾಗಿ ಅರ್ಧವೆಂದು ಹಿಡಿದರೂ 18 ಗಂಟೆ ಓಡುತ್ತದೆ. ಆ ಇನ್ವರ್ಟರಿಗೆ ಫ್ಯಾನು, ಟಿ.ವಿ. ಯಾವುದನ್ನೂ ಸೇರಿಸಬೇಡಿ.

ಸಿಡಿಲಿಗೆ: ಕ್ಯಾಮೆರಾದ ಕಂಬದಿಂದ ಮನೆಗೆ ತಾಮ್ರದ ಕೇಬಲ್ ಎಳೆದರೆ ಸಿಡಿಲಿನ ಹೊಡೆತ ಅದೇ ದಾರಿಯಲ್ಲಿ ಒಳಗೆ ಬಂದು ರೆಕಾರ್ಡರನ್ನೂ ಸುಡುತ್ತದೆ. ತಾಮ್ರದ ನೆಟ್‌ವರ್ಕ್ ಕೇಬಲ್‌ಗೆ 100 ಮೀಟರ್ ಮಿತಿಯೂ ಇದೆ. ಫೈಬರ್ ಎಳೆಯಿರಿ, ಕಂಬಕ್ಕೆ ಪ್ರತ್ಯೇಕ ಅರ್ಥಿಂಗ್ ಮತ್ತು ಸರ್ಜ್ ರಕ್ಷಕ (ದಿಢೀರ್ ವೋಲ್ಟೇಜ್ ಏರಿಕೆ ತಡೆಯುವ ಸಾಧನ) ಹಾಕಿಸಿ. ದುಡ್ಡು ಉಳಿಸಲು ಜನ ಮೊದಲು ಕೈಬಿಡುವುದೇ ಅರ್ಥಿಂಗ್, ಮಲೆನಾಡಿನಲ್ಲಿ ಅದು ದುಬಾರಿ ಉಳಿತಾಯ.

ಡಿಸ್ಕ್ ಲೆಕ್ಕ: ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಬರೆದರೆ ದಿನಕ್ಕೆ 43 ಜಿ.ಬಿ. ಎರಡಕ್ಕೆ 30 ದಿನಕ್ಕೆ 2.6 ಟಿ.ಬಿ. 4 ಟಿ.ಬಿ. ಡಿಸ್ಕ್ ಹಾಕಿ, ಕಣ್ಗಾವಲಿಗೆಂದೇ ಮಾಡಿದ್ದನ್ನು ಕೇಳಿ ತನ್ನಿ. ಕಳ್ಳತನ ಗೊತ್ತಾಗುವುದೇ ಎಷ್ಟೋ ದಿನದ ಮೇಲೆ, ಹಾಗಾಗಿ ವಾರದ ದಾಖಲೆ ಸಾಲದು.

ನಿರ್ವಹಣೆ ಇಲ್ಲದೆ ಕೆಡುವುದು ಹೆಚ್ಚು. ರಾತ್ರಿಯ ಇನ್‌ಫ್ರಾರೆಡ್ ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಬಲೆ ಹೊಳೆದು ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಉದ್ದ ಕೋಲಿಗೆ ಮೆತ್ತನೆ ಬಟ್ಟೆ ಕಟ್ಟಿ ಒರೆಸಿ. ಮಂಜು ಮತ್ತು ಜೋರು ಮಳೆಗೆ ಇನ್‌ಫ್ರಾರೆಡ್ ನಡೆಯುವುದಿಲ್ಲ, ಕಂಬದಲ್ಲಿ ಸ್ವಲ್ಪ ದೂರಕ್ಕೆ ಬೇರೆಯಾಗಿ ಒಂದು ಎಲ್‌ಇಡಿ ದೀಪ ಇರಲಿ. ರೆಕಾರ್ಡರಿನ ಗಡಿಯಾರವನ್ನು ತಿಂಗಳಿಗೊಮ್ಮೆ ಮೊಬೈಲಿನ ಸಮಯಕ್ಕೆ ಹೋಲಿಸಿ. ಎಷ್ಟು ನಿಮಿಷ ಹಿಂದೆ ಮುಂದೆ ಇದೆ ಎಂಬುದು ಬರೆದಿಟ್ಟಿರದಿದ್ದರೆ ಮುಂದೆ ದೃಶ್ಯ ಹುಡುಕುವುದೇ ಕಷ್ಟ. ಕಂಪನಿಯಿಂದ ಬಂದ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ.

ಕೋರ್ಟ್ ಕಟ್ಟೆ (ಶಿವಮೊಗ್ಗ)

ಕಾನೂನಿನ ಪ್ರಶ್ನೆಗೆ ಉತ್ತರಿಸುತ್ತೇನೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 303ನೇ ಕಲಂ ಕಳ್ಳತನದ್ದು. ಇಲ್ಲಿ ಅಡಿಕೆ ಬೆಳೆಗಾರರು ಗಮನಿಸಲೇಬೇಕಾದದ್ದು ಒಂದಿದೆ: ಕಳುವಾದ ಮಾಲು 5000 ರೂಪಾಯಿಗಿಂತ ಕಡಿಮೆಯಾದರೆ ಅದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ರಾಶಿ ಅಡಿಕೆಗೆ ಕ್ವಿಂಟಾಲ್‌ಗೆ 50 ಸಾವಿರ ಎಂದು ಹಿಡಿದರೆ 10 ಕೆ.ಜಿ. ಒಣ ಅಡಿಕೆ, ಹಸಿಯಾದರೆ ಸುಮಾರು 75–80 ಕೆ.ಜಿ., ಈ ಗೆರೆ ಮುಟ್ಟುತ್ತದೆ. ಆದ್ದರಿಂದ ದೂರಿನಲ್ಲಿ "ಸ್ವಲ್ಪ ಅಡಿಕೆ ಕಳುವಾಗಿದೆ" ಎಂದು ಬರೆಯಬೇಡಿ. ಯಾವ ದಿನದಿಂದ ಯಾವ ದಿನದೊಳಗೆ, ಎಷ್ಟು ಹೆಡಿಗೆ, ಒಂದು ಹೆಡಿಗೆಗೆ ಎಷ್ಟು ಕೆ.ಜಿ., ಆ ದಿನದ ಶಿವಮೊಗ್ಗ ಮಾರುಕಟ್ಟೆ ಧಾರಣೆ ಎಷ್ಟು ಎಂದು ಬರೆಯಿರಿ. ಹಾಳೆಟೋಪಿಯವರು ಹೇಳಿದ ಕ್ಯಾಲೆಂಡರ್ ಇಲ್ಲಿ ನಿಮ್ಮ ಕೈ ಹಿಡಿಯುತ್ತದೆ. ಇದ್ದದ್ದಕ್ಕಿಂತ ಹೆಚ್ಚು ಬರೆಯಲು ಮಾತ್ರ ಹೋಗಬೇಡಿ, ಪಾಟೀಸವಾಲಿನಲ್ಲಿ ದೂರೇ ಬಿದ್ದುಹೋಗುತ್ತದೆ.

ಅದೇ ಅಡಿಕೆ ಮನೆಯೊಳಗಿಂದ ಅಥವಾ ಮಾಲು ಇಡುವ ಕಟ್ಟಡದಿಂದ ಹೋದರೆ 305ನೇ ಕಲಂ ಬರುತ್ತದೆ, ಅದಕ್ಕೆ ಈ 5000ದ ಮಿತಿ ಇಲ್ಲ. ಒಣಗಿದ ಮಾಲನ್ನು ಅಂಗಳದಲ್ಲೇ ಬಿಡದೆ ಒಳಗೆ ಸೇರಿಸಲು ಇದೂ ಒಂದು ಕಾರಣ.

ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು, ಗಡಿಯ ಕಾರಣ ಹೇಳಿ ತೆಗೆದುಕೊಳ್ಳದೆ ಇರುವಂತಿಲ್ಲ. ಇಲೆಕ್ಟ್ರಾನಿಕ್ ರೂಪದಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ದಾಖಲಿಸಿಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಲಿಖಿತವಾಗಿ ಕಳಿಸಬಹುದು.

ಈಗ ಹಿಡಿಯುವ ವಿಚಾರ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ ಸಂಜ್ಞೇಯವೂ (ಪೊಲೀಸರು ತಾವೇ ತನಿಖೆ ಮಾಡಬಹುದಾದದ್ದು) ಜಾಮೀನುರಹಿತವೂ ಆದ ಅಪರಾಧ ನಿಮ್ಮ ಕಣ್ಣೆದುರೇ ನಡೆದರೆ ಹಿಡಿಯಬಹುದು, ಹಿಡಿದವರನ್ನು ವಿಳಂಬವಿಲ್ಲದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. 5000 ರೂಪಾಯಿಯೊಳಗಿನ ಒಂದು ಬುಟ್ಟಿ ಅಡಿಕೆಯೊಂದಿಗೆ ಸಿಕ್ಕವರನ್ನು ಹಿಡಿದಿಡಲು ಈ ಕಲಂ ಆಧಾರವಾಗುವುದಿಲ್ಲ. ಅನುಮಾನದ ಮೇಲೆ ದಾರಿ ಅಡ್ಡಗಟ್ಟುವುದು ನ್ಯಾಯ ಸಂಹಿತೆಯ 126ನೇ ಕಲಂನ ಅಪರಾಧ, ಕೋಣೆಯಲ್ಲಿ ಕೂಡಿಹಾಕುವುದು 127ನೆಯದು. ಕೈ ಎತ್ತಿದರೆ ಪ್ರಕರಣ ನಿಮ್ಮ ಮೇಲೆಯೇ ತಿರುಗುತ್ತದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ಸುದ್ದಿ ನಂಬಿದ ಜನ ಹೈದರಾಬಾದಿನ ಒಬ್ಬ ತಂತ್ರಜ್ಞನನ್ನು ಹೊಡೆದು ಕೊಂದರು. ಅವನು ಯಾರ ಮಗುವನ್ನೂ ಕದ್ದಿರಲಿಲ್ಲ. ಗಸ್ತು ಶುರು ಮಾಡುವ ಪ್ರತಿ ಊರಿನವರೂ ಇದನ್ನು ನೆನಪಿನಲ್ಲಿಡಬೇಕು. ಬೆಳೆ ರಕ್ಷಣೆಯ ಕೋವಿ ಗಸ್ತಿಗೆ ಬರಕೂಡದು. ಬೇಲಿಗೆ ನೇರ ಕರೆಂಟ್ ಕೊಡಲೇಬಾರದು, ಅದಕ್ಕೆ ಸಿಕ್ಕುವುದು ಬೆಳಿಗ್ಗೆ ಹುಲ್ಲಿಗೆ ಹೋದ ಪಕ್ಕದ ಮನೆಯ ಅಮ್ಮ.

ಕಾನುಬದಿ (ಸೊರಬ)

ಎಲ್ಲ ಸರಿ, ಆದರೆ ಹೊರಗಿನಿಂದ ಕೆಲಸಕ್ಕೆ ಬಂದವರ ವಿಷಯ ಯಾರೂ ಎತ್ತುತ್ತಿಲ್ಲ. ಕೊಯ್ಲಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅವರಿಗೆ ಯಾವ ಮನೆಯಲ್ಲಿ ಏನಿದೆ ಎಲ್ಲ ಗೊತ್ತಾಗುತ್ತದೆ.

ಗದ್ದೆಬಯಲು (ಹೊಸನಗರ)

ಕಾನುಬದಿಯವರೇ, ಹೆಸರು, ಊರು, ಗುರುತಿನ ಚೀಟಿಯ ಪ್ರತಿ, ಮನೆಯವರ ಒಂದು ಫೋನ್ ನಂಬರ್ ಬರೆದಿಟ್ಟುಕೊಳ್ಳಿ, ತಪ್ಪಿಲ್ಲ. ಊರವರೇ ಆದ ಕೂಲಿಯವರದ್ದೂ ಬರೆಯಿರಿ, ಆಗ ಯಾರಿಗೂ ಅವಮಾನವಾಗುವುದಿಲ್ಲ. ಆದರೆ ಅನುಮಾನವನ್ನು ಅವರ ಮೇಲೆ ಹೊರಿಸಿ ಕೂತರೆ ಎರಡು ನಷ್ಟ. ಅಂಗಳದಿಂದ ದಿನಾ ಒಂದು ಬುಟ್ಟಿ ಒಯ್ಯಲು ನಾಯಿ ಬೊಗಳದ, ದಣಪೆ (ಬೇಲಿಯ ಗೇಟು) ಎಲ್ಲಿದೆ ಎಂದು ಗೊತ್ತಿರುವ ಜನವೇ ಬೇಕು, ಅವರ ಕಡೆ ಕಣ್ಣು ಹೋಗುವುದಿಲ್ಲ. ಎರಡನೆಯದಾಗಿ, ತೋಟದಲ್ಲಿ ಬೆಳಗಿನಿಂದ ಸಂಜೆವರೆಗೂ ಇರುವವರು ಅವರೇ. ಅಪರಿಚಿತ ಗಾಡಿ ನಿಂತದ್ದು, ಬೇಲಿ ಮುರಿದದ್ದು ಮೊದಲು ಕಾಣುವುದು ಅವರಿಗೆ. ಗೌರವದಿಂದ ನಡೆಸಿಕೊಂಡರೆ ಬಂದು ಹೇಳುತ್ತಾರೆ. ಗಸ್ತಿನ ಫೋನ್ ನಂಬರ್ ಅವರಿಗೂ ಕೊಡಿ.

ಕಾನುಬದಿ (ಸೊರಬ)

ಒಪ್ಪಿದೆ. ಎಲ್ಲರದ್ದೂ ಬರೆಯುವುದು ಸರಿಯಾದ ದಾರಿ.

ಮೂರನೇ ತಿರುವು (ವಿನೋಬನಗರ, ಶಿವಮೊಗ್ಗ)

ಪೇಟೆಯ ಕಡೆಯಿಂದ ಸ್ವಲ್ಪ. ಇಲ್ಲಿ ಮುಖ್ಯ ತೊಂದರೆ ಬೀಗ ಹಾಕಿದ ಮನೆ. ಮದುವೆ, ಜಾತ್ರೆ, ಮಕ್ಕಳ ರಜೆಗೆ ಊರಿಗೆ ಹೋದಾಗ ಒಡೆಯುತ್ತಾರೆ. ಗೇಟಿಗೆ ಹೊರಗಿನಿಂದ ಜೋತಾಡುವ ಬೀಗ, ಮೂರು ದಿನದ ಪೇಪರ್, ರಂಗೋಲಿ ಇಲ್ಲದ ಬಾಗಿಲು, ಹಗಲಲ್ಲೂ ಉರಿಯುವ ದೀಪ, ಇವು ನಾಲ್ಕೂ ಮನೆ ಖಾಲಿ ಎಂದು ಸಾರುತ್ತವೆ. ಪಕ್ಕದ ಮನೆಯವರಿಗೆ ಹಾಲು ಪೇಪರ್ ಎತ್ತಲು, ಅಂಗಳ ಗುಡಿಸಿ ನಾಲ್ಕು ಗೆರೆ ರಂಗೋಲಿ ಎಳೆಯಲು ಹೇಳಿ ಹೋಗುವುದು ಎಲ್ಲ ಯಂತ್ರಕ್ಕಿಂತ ಮೇಲು. ನಮ್ಮ ತಿರುವಿನಲ್ಲಿ ಇದನ್ನು ಮನೆಮನೆ ನಡುವಿನ ಋಣದಂತೆ ನಡೆಸುತ್ತಾರೆ. ಬಾಗಿಲಿಗೆ ಒಳಗೇ ಕೂರುವ ಲಾಕ್ ಹಾಕಿಸಿ. ಹೊರಬೀಗವೇ ಆದರೆ ಕೊಂಡಿಯ ಸ್ಕ್ರೂ ಹೊರಗೆ ಕಾಣಬಾರದು, ಬಾಗಿಲ ಮೂಲಕ ಹಾಯುವ ಬೋಲ್ಟ್ ಹಾಕಿ ಒಳಗೆ ನಟ್ ಬಿಗಿಸಿರಬೇಕು. ಐದು ನೂರರ ಬೀಗಕ್ಕೆ ಇಪ್ಪತ್ತು ರೂಪಾಯಿಯ ಕೊಂಡಿ ಹಾಕಿದರೆ ಬೀಗ ಗಟ್ಟಿಯಾಗೇ ಇರುತ್ತದೆ, ಕೊಂಡಿ ಕಿತ್ತು ಬರುತ್ತದೆ. ಹಿತ್ತಿಲ ಬಾಗಿಲು, ಬಚ್ಚಲ ಕಿಟಕಿ ಮರೆಯಬೇಡಿ.

ಬೀಟ್ (ಗಸ್ತು) ಪೊಲೀಸರಿಗೆ ಹೋಗುವ ಮತ್ತು ಬರುವ ತಾರೀಕು ತಿಳಿಸಿ. ಕರ್ನಾಟಕದಲ್ಲಿ 2017ರಲ್ಲಿ ಬಂದ ಸುಧಾರಿತ ಬೀಟ್ ವ್ಯವಸ್ಥೆಯಲ್ಲಿ ಪ್ರತಿ ಬೀಟಿಗೂ ಒಬ್ಬ ಸಿಬ್ಬಂದಿ ಇರುತ್ತಾರೆ. 2025ರಲ್ಲಿ "ಮನೆ ಮನೆಗೆ ಪೊಲೀಸ್" ಎಂಬ, ಪೊಲೀಸರೇ ಮನೆಗೆ ಬರುವ ಕಾರ್ಯಕ್ರಮ ಕೂಡ ಬಂದಿದೆ. ನಿಮ್ಮ ಬೀಟಿನವರ ಹೆಸರು ನಂಬರ್ ಠಾಣೆಯಲ್ಲಿ ಕೇಳಿದರೆ ಕೊಡುತ್ತಾರೆ.

ಟವರ್ ಇಲ್ಲದೂರು (ಆಗುಂಬೆ ಕಡೆ)

ತುರ್ತು ಸಹಾಯದ 112ರ ಬಗ್ಗೆ ಯಾರೂ ಬರೆದಿಲ್ಲ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಯಾವುದಾದರೂ ಕಂಪನಿಯ ಸಿಗ್ನಲ್ ಸಿಗುವಲ್ಲಿ 112ಕ್ಕೆ ಕರೆ ಹೋಗುತ್ತದೆ. ಯಾವ ಸಿಗ್ನಲೂ ಇಲ್ಲದ, ಆದರೆ ಮನೆಗೆ ಫೈಬರ್ ಇಂಟರ್‌ನೆಟ್ ಬಂದಿರುವ ಕಡೆ ಫೋನಿನ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ (ಮನೆಯ ಇಂಟರ್‌ನೆಟ್ ಮೂಲಕ ಫೋನ್ ಕರೆ) ಇವತ್ತೇ ಚಾಲೂ ಮಾಡಿ, ಊರವರಿಗಾದರೂ ಕರೆ ಹೋಗಲಿ, ಅಪ್ಪ ಅಮ್ಮನ ಫೋನಿನಲ್ಲೂ ಮಾಡಿಕೊಡಿ. ರೂಟರ್‌ಗೆ ಸಣ್ಣದೊಂದು ಯುಪಿಎಸ್ ಇಡಿ, ಇಲ್ಲದಿದ್ದರೆ ಕರೆಂಟ್ ಹೋದಾಗ ಅದೂ ಹೋಯಿತು.

ಗುಡ್ಡದ ಊರಿನಲ್ಲಿ ಟವರ್ ತೋರಿಸುವ ಜಾಗವನ್ನು ನಂಬಿ ಕೂರುವಂತಿಲ್ಲ, ಬಾಯಲ್ಲಿ ಹೇಳಬೇಕು. ತಾಲ್ಲೂಕು, ಹೋಬಳಿ, ಪಂಚಾಯಿತಿ, ಊರು, ಟಾರು ರಸ್ತೆಯಿಂದ ತಿರುಗುವ ಕಡೆ ಇರುವ ಬಸ್ ನಿಲ್ದಾಣ ಅಥವಾ ಸೇತುವೆ, ಅಲ್ಲಿಂದ ಎಷ್ಟು ಕಿಲೋಮೀಟರ್, ಜೀಪು ಮನೆವರೆಗೂ ಬರುತ್ತದೆಯೇ. ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನ್ ಇಡುವ ಕಡೆ ಅಂಟಿಸಿ. ಗಾಬರಿಯಲ್ಲಿ ಸ್ವಂತ ಊರಿನ ಹೆಸರೂ ಬಾಯಿಗೆ ಬರುವುದಿಲ್ಲ. ಒಬ್ಬರು ಟಾರ್ಚ್ ಹಿಡಿದು ಕವಲಿಗೆ ಹೋಗಿ ಜೀಪಿಗೆ ದಾರಿ ತೋರಿಸಲಿ.

ಹಾಳೆಟೋಪಿ (ಸಾಗರ)

ಕದ್ದ ಮಾಲು ಎಲ್ಲಿ ಮಾರಾಟವಾಗುತ್ತದೆ ಎಂಬುದನ್ನೂ ನೋಡಿ. ಸಹಕಾರಿ ಸಂಘದಲ್ಲಿ ಸದಸ್ಯರ ಹೆಸರಿನಲ್ಲಿ ತೂಕ ಬೀಳುತ್ತದೆ, ಹಾಗಾಗಿ ಕದ್ದದ್ದು ಅಲ್ಲಿಗೆ ಬರುವುದು ಕಡಿಮೆ. ಹಸಿ, ಅರೆ ಒಣಗಿದ ಅಡಿಕೆಯನ್ನು ನಗದು ಕೊಟ್ಟು ಬಾಗಿಲಲ್ಲೇ ಕೊಳ್ಳುವವರ ಹತ್ತಿರ ಹೋಗುತ್ತದೆ. ತೋಟವಿಲ್ಲದವರು ವಾರಕ್ಕೆ ಮೂರು ಸಲ ಹತ್ತು ಹತ್ತು ಕೆ.ಜಿ. ತಂದರೆ ಕೊಳ್ಳುವವರಿಗೆ ತಿಳಿಯದೇ ಇರುವುದಿಲ್ಲ. ಸುತ್ತಲಿನ ವ್ಯಾಪಾರಿಗಳನ್ನು, ಚೇಣಿದಾರರನ್ನು (ತೋಟದ ಫಸಲನ್ನು ಗುತ್ತಿಗೆ ಹಿಡಿಯುವವರನ್ನು), ಗುಜರಿಯವರನ್ನು ಸಭೆಗೆ ಕರೆಯಿರಿ. ಮಾರುವವರ ಹೆಸರು, ಫೋನ್, ತೂಕ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಕೇಳಿಕೊಳ್ಳಿ. ಕದ್ದದ್ದೆಂದು ತಿಳಿದೂ ಕೊಂಡರೆ ನ್ಯಾಯ ಸಂಹಿತೆಯ 317ನೇ ಕಲಂ ಇದೆ ಎಂದು ಕೋರ್ಟ್ ಕಟ್ಟೆಯವರಂಥ ಒಬ್ಬರು ಮೆತ್ತಗೆ ಹೇಳಿದರೆ ಸಾಕು. ಪಂಪ್‌ಸೆಟ್ಟಿನ ತಾಮ್ರದ ಕೇಬಲ್ ಹೋಗುವುದೂ ಗುಜರಿಗೇ. ಕೇಬಲಿಗೆ ಮಾರಿಗೊಂದು (ಸುಮಾರು ಆರು ಅಡಿಗೊಂದು) ಕಡೆ ಬಣ್ಣದ ಪಟ್ಟೆ ಬಳಿದು ಫೋಟೋ ಇಟ್ಟುಕೊಳ್ಳಿ.

ಕೋರ್ಟ್ ಕಟ್ಟೆ (ಶಿವಮೊಗ್ಗ)

ಕ್ಯಾಮೆರಾ ದೃಶ್ಯದ ಬಗ್ಗೆ ಸೇರಿಸುತ್ತೇನೆ. ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿ ವಾಟ್ಸ್‌ಆ್ಯಪಿಗೆ ಹಾಕಬೇಡಿ. ಮುಖ ಕಂಡವರೆಲ್ಲ ಕಳ್ಳರಾಗಿಬಿಡುತ್ತಾರೆ, ನಿಜವಾದ ಕಳ್ಳ ಊರು ಬಿಡುತ್ತಾನೆ. ರೆಕಾರ್ಡರಿನಿಂದ ಮೂಲ ಫೈಲನ್ನೇ ಪೆನ್‌ಡ್ರೈವಿಗೆ ಇಳಿಸಿ ಠಾಣೆಗೆ ಕೊಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಜೊತೆಗಿರಬೇಕು: ಭಾಗ ಎಗೆ ಯಂತ್ರದ ಉಸ್ತುವಾರಿ ಹೊತ್ತವರ ಸಹಿ, ಭಾಗ ಬಿಗೆ ತಜ್ಞರ ಸಹಿ, ಫೈಲಿನ ಹ್ಯಾಶ್ ಸಂಖ್ಯೆ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಗುರುತು). ಹಾಗಾಗಿ ರೆಕಾರ್ಡರ್ ಯಾರ ಉಸ್ತುವಾರಿಯಲ್ಲಿದೆ ಎಂದು ಊರಿನ ನಡಾವಳಿ ಪುಸ್ತಕದಲ್ಲಿ ಈಗಲೇ ಒಂದು ಹೆಸರು ಬರೆದಿಡಿ.

ಹೊಳೆದಂಡೆ (ತೀರ್ಥಹಳ್ಳಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಸಭೆಗೆ ಒಯ್ಯುವುದು ಇಷ್ಟು: ಅಂಗಳ ಐದು, ಹೆಡಿಗೆ ಲೆಕ್ಕದ ಕ್ಯಾಲೆಂಡರ್ 22, ಟಾರ್ಚ್ ಎರಡು, ಮುಖಕ್ಕೆ ಕ್ಯಾಮೆರಾ ಎರಡು, ನಂಬರ್ ಪ್ಲೇಟಿಗೆ ಒಂದು. ಒಂಟಿಮನೆ ನಾಲ್ಕಕ್ಕೆ ಜಾಗಟೆ ಮತ್ತು ವೈಫೈ ಕಾಲಿಂಗ್. ಕ್ಯಾಮೆರಾ ಎರಡರಿಂದ ಮೂರಾದರೆ ಬ್ಯಾಟರಿ, ಡಿಸ್ಕ್ ಸಾಲುತ್ತದೆಯೇ?

ವೈರ್ ಕೆಲಸ (ಶಿವಮೊಗ್ಗ)

ಡಿಸ್ಕ್ ಸಾಲುತ್ತದೆ: ಮೂರಕ್ಕೆ 30 ದಿನಕ್ಕೆ 3.9 ಟಿ.ಬಿ., 4 ಟಿ.ಬಿ. ಡಿಸ್ಕ್ ಹೆಚ್ಚುಕಡಿಮೆ ತುಂಬುತ್ತದೆ. ಬ್ಯಾಟರಿ 18 ಗಂಟೆಯಿಂದ 15ಕ್ಕೆ ಇಳಿಯುತ್ತದೆ. ಫೈಬರ್ ಎಳೆಯುವ ಮೊದಲು ಹಗ್ಗ ಹಿಡಿದು ದಾರಿಯುದ್ದಕ್ಕೂ ನಿಜವಾಗಿ ಅಳೆಯಿರಿ, ಗುಡ್ಡದ ಏರಿಳಿತಕ್ಕೆ ಕಣ್ಣಂದಾಜು ಯಾವಾಗಲೂ ಕಮ್ಮಿ ಬೀಳುತ್ತದೆ.